ಎಡಗೆನ್ನೆಗೆ ಒಗ್ಗುವ ಮರ

ಅಂಗಡಿಯ ಗೋಡೆಗೆ ಹನ್ನೊಂದು ಕೋವಿ,
ಹನ್ನೊಂದೂ ಬಲಗೈಯವರವು.
ಪಾಸ್ಕಲ್ ಪಿಂಟೊ ಒಂದೊಂದೇ ಇಳಿಸಿ
ಗಾಜಿನ ಮೇಜಿನ ಮೇಲೆ ಮಲಗಿಸುತ್ತಾರೆ,
ಕೂಸಿನ ಕತ್ತಿಗೆ ಕೈಯಿಟ್ಟ ಹಾಗೆ.
ಹೊರಗೆ ಚಿಕ್ಕಮಗಳೂರಿನ ಮಧ್ಯಾಹ್ನ,
ಮೂಡಿಗೆರೆ ಬಸ್ಸಿನ ಕಂಡಕ್ಟರನ ಕೂಗು,
ಕ್ಯೂರಿಂಗ್ ಕಡೆಯಿಂದ ಕಾಫಿಹೊಟ್ಟಿನ ಧೂಳು.

"ಯಾರಿಗಮ್ಮ, ಯಜಮಾನರಿಗಾ?"
ನನಗೆ.
"ಹಂದಿ ಕಾಟವಾ?"
ಅಲ್ಲ, ತೆಂಗಿನಕಾಯಿ.

ನಕ್ಕರು. ನಗಲಿ.
ಗೋಣಿಬೀಡಿನ ಶಾಲೆ ಮೈದಾನದಲ್ಲಿ
ಮೂವತ್ತು ಗಜದಾಚೆ ಸಿಲ್ವರ್ ಮರಕ್ಕೆ ಕಟ್ಟಿದ ಕಾಯಿ
ಐದು ವರ್ಷದಿಂದ ಹಾಗೇ ನಗುತ್ತಿದೆ.
ಮೈದುನ ಉಲ್ಲಾಸನ ಕೋವಿ, ನನ್ನ ಎಡಹೆಗಲು,
ಗುಂಡು ಪ್ರತಿ ಸಲವೂ ಒಂದು ಗೇಣು ಎಡಕ್ಕೆ.
"ಎಡಚಿ ಹೊಡೆದರೆ ಗುಂಡೂ ಎಡವುತ್ತೆ"
ಮೈಕಿನಲ್ಲೇ ಅಂದಿದ್ದ ಒಬ್ಬ.

ಎಡವಟ್ಟು, ಎಡಬಿಡಂಗಿ, ಎಡವಿದ ಕಾಲು.
ನಮ್ಮ ಮಾತು ನನ್ನ ಕೈಗೆ ಇಟ್ಟ ಹೆಸರುಗಳು.
ಬಡಿಸುವ ಸೌಟು, ಕುಂಕುಮದ ಬಟ್ಟಲು,
ದೀಪದ ಬತ್ತಿ ತಿದ್ದುವ ಕಡ್ಡಿ,
ಒಂದೊಂದಾಗಿ ಬಲಗೈಗೆ ಬಿಟ್ಟುಕೊಟ್ಟೆ.
ಎಡಗೈಯನ್ನೇ ಬೇಕೆಂದು ಕೇಳಿದ್ದು ಸರ್ಕಾರ ಮಾತ್ರ:
ಅರ್ಜಿಯ ಕೆಳಗೆ, ಚೌಕದೊಳಗೆ,
ಎಡ ಹೆಬ್ಬೆಟ್ಟಿನ ಗುರುತು.

"ಎರಡು ಅಂಗೈ ಸೇರಿಸಿ ಕಿಂಡಿ ಮಾಡಿ.
ಅದರೊಳಗೆ ನನ್ನ ಮೂಗು ನೋಡಿ. ಬಲಗಣ್ಣು ಮುಚ್ಚಿ."
ಮೂಗು ಇತ್ತು.
"ಈಗ ಎಡಗಣ್ಣು."
ಮೂಗು ಮಾಯ. ಕಿಂಡಿಯಲ್ಲಿ
ಕ್ಯಾಲೆಂಡರಿನ ಸಂತ ಅಂತೋನಿ.
"ಕಣ್ಣೂ ಎಡದ್ದೇ" ಅಂದರು,
ಡಾಕ್ಟರು ಸಕ್ಕರೆ ಕಾಯಿಲೆ ಹೇಳುವ ದನಿಯಲ್ಲಿ.
ಎಡಗಣ್ಣು ಅದುರಿದರೆ ಹೆಣ್ಣಿಗೆ ಒಳ್ಳೆಯದಂತೆ.
ಗುರಿ ಇಡುವಾಗ ಅದುರಬಾರದು, ಅಷ್ಟೆ.

"ಈ ಆಟೋಮ್ಯಾಟಿಕ್ ಬೇಡ. ಸುಟ್ಟ ತೋಟಾ ಬಲಕ್ಕೆ ಹಾರುತ್ತೆ,
ನಿಮ್ಮ ಮೂಗಿನ ಮುಂದೆಯೇ.
ಈ ಜೋಡುನಳಿಗೆ ನೋಡಿ. ಹಿಂದಿನಿಂದ ನೋಡಿ.
ಮರ ಬಲಕ್ಕೆ ಬಾಗಿದೆ, ಒಂದು ನೂಲು,
ಬಲಗೆನ್ನೆಯವರಿಗೆ ದಾರಿ ಬಿಟ್ಟು."

ಒಂದು ನೂಲು.
ಇಲ್ಲಿ ನೂಲು, ಅಲ್ಲಿ ಗೇಣು.
ಐದು ವರ್ಷ ನನ್ನ ಕೈಯನ್ನೇ ಬೈದುಕೊಂಡಿದ್ದೆ.

ಆಮೇಲೆ ಅವರು ಒಳಗೆ ಹೋದರು.
ಬರುವಾಗ ಹಳೇ ಪಂಚೆಯಲ್ಲಿ ಸುತ್ತಿದ ಹನ್ನೆರಡನೆಯದು.
ನಳಿಗೆಗೆ ವಯಸ್ಸಾಗಿದೆ, ತುಕ್ಕಿಲ್ಲ.
ಮರವನ್ನು ಯಾರೋ ಬಡಗಿ ಬಿಸಿ ಎಣ್ಣೆ ಕುಡಿಸಿ
ಎಡಕ್ಕೆ ಬಗ್ಗಿಸಿದ್ದಾನೆ.
ಬಲಮೈಯಲ್ಲಿ ಮೆರುಗು ಸವೆದು
ಒಂದು ಅಂಗೈಯಗಲ ತಿಳಿಗಂದು,
ಎಡಗೆನ್ನೆ ಒರಗುವ ಕಡೆ.

ರಿಜಿಸ್ಟರ್ ತೆಗೆದರು. ಉಗ್ಗೇಗೌಡರು.
ತೀರಿಕೊಂಡು ಎರಡು ವರ್ಷ, ಮಕ್ಕಳಿಗೆ ಬೇಡವಂತೆ.
"ಆದರೆ ಅವರು ಎಡಚರಲ್ಲವಲ್ಲ" ಅಂದರು ಪಿಂಟೊ,
"ಇದೇ ಕುರ್ಚಿ. ಬಲಗೈಲೇ ಕಾಫಿ, ಬಲಗೈಲೇ ಸಹಿ."
ಸಹಿ ನೋಡಿದೆ. ನೆಟ್ಟಗಿತ್ತು,
ಮೇಷ್ಟರ ಎದುರು ನಿಂತ ಹುಡುಗನ ಹಾಗೆ.

ಉಗ್ಗೇಗೌಡರು ನಮ್ಮ ಸ್ಪರ್ಧೆಯ ತೀರ್ಪುಗಾರರು.
ಎರಡನೇ ವರ್ಷ, ಮೈಕು ನಗುತ್ತಿದ್ದಾಗ,
ಎದ್ದು ಮರದವರೆಗೂ ನಡೆದು ಹೋದರು.
ಕಾಯಿಗೂ ಗುಂಡು ಹೊಕ್ಕ ತೊಗಟೆಗೂ ನಡುವೆ
ಗೇಣು ಹಾಕಿ ಅಳೆದರು.
ಯಾವ ಕೈ? ನೆನಪು ಮಾಡಿಕೊಳ್ಳುತ್ತೇನೆ, ಬರುವುದಿಲ್ಲ.
ವಾಪಸು ಬಂದು, ನನ್ನನ್ನು ದಾಟಿ ಹೋಗುತ್ತ,
"ತಪ್ಪು ಮರದ್ದು" ಅಂದರು.
ಸಿಲ್ವರ್ ಮರ ಅಂದುಕೊಂಡೆ ನಾನು.
ಗಾಳಿ, ಕೊಂಬೆ, ಹೆಣ್ಣುಮಗಳಿಗೊಂದು ಸಮಾಧಾನ.

ಕೋವಿ ಎತ್ತಿದೆ. ಕೆನ್ನೆ ಹುಡುಕಲಿಲ್ಲ.
ತುದಿಯ ಹಿತ್ತಾಳೆ ಮಣಿ ಕಣ್ಣಿಗೆ ನೇರ ಬಂತು.
"ಅಂತೋನಿ ಕಡೆ ಬೇಡಮ್ಮ, ಸ್ವಲ್ಪ ಕೆಳಗೆ."

ಮುಂಗಡ ಎಣಿಸಿ ಚಾಚಿದರೆ
"ಬಲಗೈಲಿ ಕೊಡಿ, ವ್ಯಾಪಾರದ ಹೊತ್ತು."
ಕೊಟ್ಟೆ. ಅದಕ್ಕೆ ಜಗಳ ಯಾಕೆ.
ಡಿ.ಸಿ. ಆಫೀಸಿನ ಸೀಲು ಬೀಳುವ ತನಕ
ಕೋವಿ ಅಲ್ಲೇ, ಪಂಚೆಯೊಳಗೆ.

ಬಸ್ಸಿನಲ್ಲಿ, ಮುಂದಿನ ಸೀಟಿನ ಕಂಬಿಯ ಮೇಲೆ
ಎಡಗೈ ಗೇಣು ಹಾಕಿ ನೋಡಿದೆ, ಆಮೇಲೆ ಬಲಗೈ.
ಹೆಚ್ಚುಕಡಿಮೆ ಒಂದೇ.
ವ್ಯತ್ಯಾಸವಿದ್ದರೆ ಒಂದು ನೂಲು.